ಹಳೆ ಟಾರ್ಚ್ ರಿಪೇರಿ: ಬಲ್ಬ್ ಇರಲಾ, ಎಲ್‌ಇಡಿ ಕೂರಿಸಲಾ?

ಎರಡು ದಪ್ಪ ಸೆಲ್ಲಿನ ಸ್ಟೀಲ್ ಟಾರ್ಚ್ ಪೂರ್ತಿ ಬಿಚ್ಚಿ ಆಯಿತು. ಸೆಲ್ ಸೋರಿ ಸ್ವಿಚ್ಚಿನ ಪಟ್ಟಿಗೆ ಹಿಡಿದಿದ್ದ ಹಸಿರು ಕಿಲುಬನ್ನು ವಿನಿಗರ್ ಹಚ್ಚಿ ತಿಕ್ಕಿ ತೆಗೆದೆ. ಬುಡದ ಸ್ಪ್ರಿಂಗ್ ಇನ್ನೂ ಗಟ್ಟಿಯಾಗಿದೆ. ಈಗ ಒಳಗೆ ಏನು ಹಾಕೋದು ಅನ್ನೋದೇ ಪ್ರಶ್ನೆ.

ಬರೀ ಲೆಕ್ಕ ನೋಡಿದರೆ ಪೈಪೋಟಿಯೇ ಇಲ್ಲ. ಇದಕ್ಕೆ ಹೊಂದುವ ಪಿಆರ್2 ಬಲ್ಬ್ 2.38 ವೋಲ್ಟಿನದು, ಅರ್ಧ ಆಂಪಿಯರ್ ಎಳೆಯುತ್ತದೆ. ಅಂದರೆ ಸುಮಾರು 1.2 ವ್ಯಾಟ್. ಅದರಲ್ಲಿ ಸಿಗುವ ಬೆಳಕು ಹತ್ತು ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಆಸುಪಾಸು, ಮಿಕ್ಕಿದ್ದೆಲ್ಲ ಶಾಖ. ಅಷ್ಟೇ ವ್ಯಾಟಿನಲ್ಲಿ ಒಳ್ಳೆ ಎಲ್‌ಇಡಿ ನೂರು ಲ್ಯೂಮೆನ್ ದಾಟುತ್ತದೆ. ಸೆಲ್ ಇಳಿಯುತ್ತಾ ಬಂದ ಹಾಗೆ ಬಲ್ಬ್ ಇನ್ನೂ ಸೋಲುತ್ತದೆ. ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಶೇ. 30ರಷ್ಟು ಇಳಿದು ಕೆಂಪಗಾಗುತ್ತದೆ.

ಆದರೂ ತಕ್ಷಣ ಬಲ್ಬ್ ಕಿತ್ತು ಹಾಕಲು ಮನಸ್ಸು ಬರಲಿಲ್ಲ. ಕಾರಣ ಬಣ್ಣ. ಕತ್ತಲಲ್ಲಿ ರೆಸಿಸ್ಟರ್‌ಗಳನ್ನು (ಮೈಮೇಲಿನ ಬಣ್ಣದ ಪಟ್ಟಿಗಳಿಂದ ಬೆಲೆ ಗುರುತಿಸುವ ಪುಟ್ಟ ಎಲೆಕ್ಟ್ರಾನಿಕ್ ಬಿಡಿಭಾಗಗಳು) ಹರಡಿಕೊಂಡು ಎರಡೂ ಬೆಳಕು ಬಿಟ್ಟು ನೋಡಿದೆ. ನೀಲಿ ಛಾಯೆಯ ಅಗ್ಗದ ಎಲ್‌ಇಡಿಯಲ್ಲಿ ಕಂದು ಪಟ್ಟಿ ಯಾವುದು, ಕೆಂಪು ಯಾವುದು ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕಾಯಿತು. ಬಲ್ಬಿನ ಮಂದ ಬೆಳಕಲ್ಲಿ ಅದೇ ಪಟ್ಟಿಗಳು ಒಂದೇ ನೋಟಕ್ಕೆ ಬೇರೆ ಬೇರೆ. ಕಡು ನೀಲಿ ಮಾತ್ರ ಕಪ್ಪಿನ ಹಾಗೆ ಕಂಡಿತು. ಬಿಳಿ ಎಲ್‌ಇಡಿಯ ಒಳಗಿರೋದು ನೀಲಿ ಚಿಪ್, ಮೇಲೆ ಹಳದಿ ಫಾಸ್ಫರ್ ಲೇಪ. ಅಗ್ಗದ್ದರಲ್ಲಿ ಕೆಂಪಿನ ಪಾಲು ಕಮ್ಮಿ. ಬಲ್ಬಿನ ಕಾದ ಟಂಗ್‌ಸ್ಟನ್ ತಂತಿಯ ಬೆಳಕಲ್ಲಿ ಎಲ್ಲ ಬಣ್ಣವೂ ಇರುತ್ತದೆ. ಹಾಗಾಗಿ ಅದರ ಸಿಆರ್‌ಐ, ಅಂದರೆ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂದು 100ರವರೆಗೆ ಅಳೆಯುವ ಸಂಖ್ಯೆ, ಹೆಚ್ಚುಕಮ್ಮಿ 100. ಕೈಯಲ್ಲಿ ಕೆಲಸ ಮಾಡೋರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಲ್ಯೂಮೆನ್ ಒಂದನ್ನೇ ನೋಡಿ ಟಾರ್ಚ್ ಆರಿಸಬಾರದು ಎಂದು ನನಗೆ ಖಾತ್ರಿಯಾಗಿದ್ದು ಅಲ್ಲೇ.

ಬಲ್ಬಿನ ಜಾಗಕ್ಕೇ ಕೂರುವ ರೆಡಿಮೇಡ್ ಎಲ್‌ಇಡಿಯನ್ನೂ ಹಾಕಿ ನೋಡಿದೆ. ಬಲ್ಬಿಗೆ ಪ್ಲಸ್, ಮೈನಸ್ ಹೇಗಿದ್ದರೂ ನಡೆಯುತ್ತದೆ. ಇದಕ್ಕೆ ಸೆಲ್ ಸರಿಯಾದ ದಿಕ್ಕಿನಲ್ಲೇ ಇರಬೇಕು. ಗೋಡೆ ಮೇಲೆ ಬಿದ್ದ ಬೆಳಕಿನ ನಡುವೆ ಮಬ್ಬು ಮಚ್ಚೆ, ಸುತ್ತ ಉಂಗುರ. ಹಳೆ ರಿಫ್ಲೆಕ್ಟರ್ ಮಾಡಿರೋದು ಸುತ್ತಲೂ ಬೆಳಕು ಚೆಲ್ಲುವ ಸಣ್ಣ ತಂತಿಗೆ. ಎಲ್‌ಇಡಿ ಮುಂದಕ್ಕಷ್ಟೇ ಚೆಲ್ಲುತ್ತದೆ, ಫೋಕಸ್ಸಿನ ಜಾಗದಲ್ಲೂ ಸರಿಯಾಗಿ ಕೂತಿಲ್ಲ. ಅದನ್ನು ವಾಪಸ್ ತೆಗೆದಿಟ್ಟೆ.

ಕೊನೆಗೆ ಎಲ್‌ಇಡಿಯನ್ನೇ ಆರಿಸಿದ್ದೇನೆ, ಆದರೆ 4000 ಕೆಲ್ವಿನ್ (ತೀರ ನೀಲಿಯೂ ಅಲ್ಲದ, ತೀರ ಹಳದಿಯೂ ಅಲ್ಲದ ಬಿಳಿ), ಸಿಆರ್‌ಐ 90ಕ್ಕಿಂತ ಜಾಸ್ತಿ ಇರೋದು. ಇದರಲ್ಲಿ ಸ್ವಲ್ಪ ಲ್ಯೂಮೆನ್ ಕಮ್ಮಿ ಸಿಗುತ್ತದೆ, ಪರವಾಗಿಲ್ಲ. ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಎರಡು ಸೆಲ್ ಹೊಸದಿದ್ದಾಗ ಅಷ್ಟು ಕೊಟ್ಟರೂ ಬೇಗ ಇಳಿಯುತ್ತವೆ. ಅದಕ್ಕೆ ವೋಲ್ಟೇಜ್ ಏರಿಸುವ ಬೂಸ್ಟ್ ಡ್ರೈವರ್ ಸೇರಿಸುತ್ತೇನೆ.

ಬಲ್ಬಿನ ಶಾಖ ಬಹುಪಾಲು ಬೆಳಕಿನ ಜೊತೆಗೇ ಮುಂದಕ್ಕೆ ಹೋಗುತ್ತದೆ. ಎಲ್‌ಇಡಿಯದ್ದು ಬೆನ್ನಲ್ಲೇ ಉಳಿಯುತ್ತದೆ. ಅದನ್ನು ಟಾರ್ಚಿನ ಮೈಗೆ ದಾಟಿಸಲು ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಅರ ಹಾಕಿ ಉಜ್ಜುತ್ತಿದ್ದೇನೆ. ಅಂಚು ಇನ್ನೂ ಬಿಗಿಯಾಗಿ ಕೂರುತ್ತಿಲ್ಲ. ಅದು ಕೂತ ಮೇಲೆ ರಿಫ್ಲೆಕ್ಟರಿನ ಎತ್ತರ ಹೊಂದಿಸಬೇಕು, ಆಮೇಲೆ ಬೆಸುಗೆ.