ಯಾರ ಹೆಸರಿಲೆ ಐತಿ ಈ ಕಟ್ಟಡ?

ಕಳೆದ ಅಕ್ಟೋಬರಿನಲ್ಲಿ ಅಪ್ಪ ಗದಗಿನಿಂದ ಅಟ್ಲಾಂಟಾಕ್ಕೆ ಬಂದಿದ್ದರು. ಊರಿಂದ ಯಾರು ಬಂದರೂ ಇಲ್ಲಿನ ಕನ್ನಡಿಗರು ಮೊದಲು ಕರೆದೊಯ್ಯುವುದು ಆಬರ್ನ್ ಅವೆನ್ಯೂಗೆ. ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ ಇರುವ ಬೀದಿ ಅದು. ಅಲ್ಲೇ ಪಕ್ಕದಲ್ಲಿ ಕಿಂಗ್ ಸಮಾಧಿ, ಅವರ ಎಬೆನೀಜರ್ ಚರ್ಚು, ನಮ್ಮ ಗಾಂಧೀಜಿಯ ಪ್ರತಿಮೆಯೂ ಇದೆ. ಎಲ್ಲರೂ ಪ್ರತಿಮೆ ಮುಂದೆ ಫೋಟೋ ತೆಗೆಸಿಕೊಂಡು ಊಟಕ್ಕೆ ಹೊರಡುತ್ತಾರೆ. ನಾನೂ ಹತ್ತು ವರ್ಷ ಹಾಗೇ ಮಾಡಿದ್ದೇನೆ.

ಅಪ್ಪನಿಗೆ ನಡೆಯುವ ಅಭ್ಯಾಸ. ಚರ್ಚು ದಾಟಿ ಅದೇ ಬೀದಿಯಲ್ಲಿ ಮುಂದೆ ಹೋದರು. ಮೂರು ಅಂತಸ್ತಿನ ಒಂದು ಇಟ್ಟಿಗೆ ಕಟ್ಟಡದ ಮುಂದೆ ನಿಂತರು. ನಾನು ಓದಿ ಹೇಳಿದೆ: ಇದು ಪ್ರಿನ್ಸ್ ಹಾಲ್ ಮೇಸನರ ಕಟ್ಟಡ, ಕಿಂಗ್ ಅವರ ಸಂಘಟನೆಯ ಕಚೇರಿ ಇದ್ದದ್ದು ಇಲ್ಲೇ. ಅಪ್ಪ ಕಚೇರಿಯ ಬಗ್ಗೆ ಏನೂ ಕೇಳಲಿಲ್ಲ.

"ಅಲ್ಲವಾ, ಈ ಕಟ್ಟಡ ಯಾರ ಹೆಸರಿಲೆ ಐತಿ?" ಅಂದರು.

ಅವರು ಇಪ್ಪತ್ತೆಂಟು ವರ್ಷ ಹಳ್ಳಿಯ ಸಹಕಾರಿ ಸಂಘದ ಕಾರ್ಯದರ್ಶಿಯಾಗಿದ್ದವರು. ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದ ಕಥೆ ಅವರಿಗೆ ಬಾಯಿಪಾಠ. ಸಾಲ, ಶೇರು, ಠರಾವು ಪುಸ್ತಕ ಅಂದರೆ ಅವರ ಕಿವಿ ನೆಟ್ಟಗಾಗುತ್ತದೆ. ಅವರ ಪ್ರಕಾರ ಯಾವುದೇ ಸಂಘವನ್ನು ಅಳೆಯಬೇಕಾದರೆ ಮೊದಲು ಕೇಳಬೇಕಾದ್ದು ಜಾಗ ಯಾರದು ಅಂತ. ನನಗೆ ಅವತ್ತು ಉತ್ತರ ಗೊತ್ತಿರಲಿಲ್ಲ. ಆಮೇಲೆ ಎರಡು ತಿಂಗಳು ರಾತ್ರಿ ಕೂತು ಓದಿದೆ. ಓದಿದ ಮೇಲೆ ಆ ಬೀದಿ ನನಗೆ ಬೇರೆಯೇ ಆಗಿ ಕಾಣಿಸುತ್ತಿದೆ.

ಮೇಸನ್, ಅಂದರೆ ಫ್ರೀಮೇಸನ್, ಯಾರು ಅಂತ ಎರಡು ಮಾತು. ಹೆಸರು ಕಲ್ಲುಕುಟಿಗರದು. ಅವರ ಗುರುತು ಮೂಲೆಮಟ್ಟ ಮತ್ತು ಕೈವಾರ. ಆದರೆ ಸದಸ್ಯರು ಕಲ್ಲು ಕೆತ್ತುವವರೇ ಆಗಬೇಕಿಲ್ಲ. ಒಬ್ಬರಿಗೊಬ್ಬರು ಅಣ್ಣತಮ್ಮಂದಿರಂತೆ ಇರುತ್ತೇವೆ ಅಂತ ಪ್ರಮಾಣ ಮಾಡಿದ ಗಂಡಸರ ಸಂಘ ಅದು. ಒಳಗಿನ ವಿಧಿಗಳನ್ನು ಹೊರಗೆ ಹೇಳುವುದಿಲ್ಲ. ಶಾಖೆಗೆ ಲಾಡ್ಜ್ ಅನ್ನುತ್ತಾರೆ. ನಮ್ಮೂರಲ್ಲಿ ಲಾಡ್ಜ್ ಅಂದರೆ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ರಾತ್ರಿ ಉಳಿಯುವ ಜಾಗ, ಅಲ್ವಾ? ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಮೆರಿಕದ ಬಿಳಿಯರ ಲಾಡ್ಜುಗಳು ಕಪ್ಪು ಜನರನ್ನು ಬಾಗಿಲಲ್ಲೇ ನಿಲ್ಲಿಸಿದವು. ಬಾಸ್ಟನ್ನಿನಲ್ಲಿ ಪ್ರಿನ್ಸ್ ಹಾಲ್ ಅಂತ ಒಬ್ಬ ಸ್ವತಂತ್ರ ಕಪ್ಪು ಮನುಷ್ಯ ಇದ್ದ. ತೊಗಲಿನ ಕೆಲಸ ಅವನ ಕಸುಬು. 1775ರ ಮಾರ್ಚ್ 6ರಂದು ಅವನು ಮತ್ತು ಇನ್ನೂ ಹದಿನಾಲ್ಕು ಕಪ್ಪು ಜನ ಸದಸ್ಯರಾದರು. ಸೇರಿಸಿಕೊಂಡದ್ದು ಆ ಊರಿನವರಲ್ಲ, ಆಗ ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯದ ಜೊತೆಗಿದ್ದ ಒಂದು ಲಾಡ್ಜು. ಮುಂದಿನ ತಿಂಗಳೇ ಯುದ್ಧ ಶುರುವಾಯಿತು. ಸೈನ್ಯ ಊರು ಬಿಟ್ಟು ಹೋಯಿತು. ಈ ಹದಿನೈದು ಜನರಿಗೆ ಕೂಡಲು ಅನುಮತಿ ಇತ್ತು, ಹೊಸಬರನ್ನು ಸೇರಿಸಿಕೊಳ್ಳುವ ಅಧಿಕಾರ ಇರಲಿಲ್ಲ. ಯುದ್ಧ ಮುಗಿದ ಮೇಲೆ ಅವರು ಸೀದಾ ಲಂಡನ್ನಿಗೆ ಪತ್ರ ಬರೆದರು. 1784ರ ಸೆಪ್ಟೆಂಬರಿನಲ್ಲಿ ಸನ್ನದು ಮಂಜೂರಾಯಿತು. ಆ ಕಾಗದ ಬಾಸ್ಟನ್ ತಲುಪುವ ಹೊತ್ತಿಗೆ 1787. ಎರಡೂವರೆ ವರ್ಷ!

ಇದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ನಗಲಿಲ್ಲ. "ನೋಂದಣಿ ಪತ್ರ ಬರೂತನಕ ಸಂಘ ಉಸಿರು ಹಿಡಕೊಂಡ ಇರತೈತಿ" ಅಂದರು.

ಕಾಗದ ಬರುವವರೆಗೆ ಅವರು ಸುಮ್ನೆ ಕೂತಿರಲಿಲ್ಲ. 1777ರಲ್ಲೇ ಪ್ರಿನ್ಸ್ ಹಾಲ್ ಮತ್ತು ಜೊತೆಗಾರರು ಗುಲಾಮಗಿರಿ ನಿಲ್ಲಿಸಿ ಅಂತ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಮನವಿ ಕೊಟ್ಟರು. 1787ರಲ್ಲಿ ಮತ್ತೊಂದು ಮನವಿ: ನಾವೂ ತೆರಿಗೆ ಕಟ್ಟುತ್ತೇವೆ, ನಮ್ಮ ಮಕ್ಕಳಿಗೂ ಶಾಲೆ ಬೇಕು. ಮರುವರ್ಷ ಬಾಸ್ಟನ್ನಿನ ಮೂವರು ಸ್ವತಂತ್ರ ಕಪ್ಪು ಜನರನ್ನು ಮೋಸದಿಂದ ಹಡಗು ಹತ್ತಿಸಿ ಗುಲಾಮರಾಗಿ ಮಾರಲು ಕೆರಿಬಿಯನ್ ದ್ವೀಪಕ್ಕೆ ಒಯ್ದರು. ಲಾಡ್ಜ್ ಮತ್ತೆ ಮನವಿ ಬರೆಯಿತು. ಆ ವರ್ಷವೇ ರಾಜ್ಯ ಗುಲಾಮರ ವ್ಯಾಪಾರದ ವಿರುದ್ಧ ಕಾನೂನು ತಂದಿತು. ಆ ಮೂವರೂ ಮನೆಗೆ ವಾಪಸ್ ಬಂದರು.

ದಕ್ಷಿಣದಲ್ಲಿ ಗುಲಾಮಗಿರಿ ಇರುವವರೆಗೆ ಇಂಥ ಸಂಘ ಕಟ್ಟುವುದು ಬಲು ಕಷ್ಟ. ಕಪ್ಪು ಜನ ಗುಂಪು ಕೂಡಿದರೇ ಅಪರಾಧ. ಅಂತರ್ಯುದ್ಧ ಮುಗಿದ ಮೇಲೆ, 1866ರಲ್ಲಿ, ಅಟ್ಲಾಂಟಾ ಇರುವ ನಮ್ಮ ಜಾರ್ಜಿಯಾ ರಾಜ್ಯದ ಸವಾನಾ ಪಟ್ಟಣದಲ್ಲಿ ಜೇಮ್ಸ್ ಸಿಮ್ಸ್ ಮೊದಲ ಲಾಡ್ಜ್ ಶುರು ಮಾಡಿದರು. ಸಿಮ್ಸ್ ಗುಲಾಮರಾಗಿ ಹುಟ್ಟಿ, ದುಡ್ಡು ಕೊಟ್ಟು ತಮ್ಮನ್ನು ತಾವೇ ಬಿಡಿಸಿಕೊಂಡ ಬಡಗಿ.

ಇಂಥ ಸಂಘಕ್ಕೆ ಸೇರಿದವನಿಗೆ ಏನು ಸಿಗುತ್ತಿತ್ತು? ಸತ್ತರೆ ಗೌರವದ ಮಣ್ಣು. ಹೆಂಡತಿ ಮಕ್ಕಳಿಗೆ ಒಂದಿಷ್ಟು ಹಣ. ಕಾಯಿಲೆ ಬಿದ್ದರೆ ನೋಡಲು ಬರುವ ನಾಲ್ಕು ಜನ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಹಗಲೆಲ್ಲ ಬೇರೆಯವರ ಮನೆಯಲ್ಲಿ ಚೀಲ ಹೊರುವವನು, ಬೂಟು ಒರೆಸುವವನು ರಾತ್ರಿ ಲಾಡ್ಜಿನಲ್ಲಿ ಅಧ್ಯಕ್ಷನ ಕುರ್ಚಿಯಲ್ಲಿ ಕೂರುತ್ತಿದ್ದ. ಹೊರಗೆ ಅವನಿಗೆ ಓಟು ಹಾಕಲು ಬಿಡುತ್ತಿರಲಿಲ್ಲ. ಒಳಗೆ ಅವನು ಓಟು ಹಾಕುತ್ತಿದ್ದ, ಚುನಾವಣೆಗೆ ನಿಲ್ಲುತ್ತಿದ್ದ, ಲೆಕ್ಕ ಕೇಳುತ್ತಿದ್ದ, ಲೆಕ್ಕ ಕೊಡುತ್ತಿದ್ದ. ಹೀಗೆ ತಲೆಮಾರುಗಟ್ಟಲೆ ಅಭ್ಯಾಸ ಆಯಿತು.

ಹೆಣ್ಣುಮಕ್ಕಳಿಗೆ ಆ ಕುರ್ಚಿ ಇರಲಿಲ್ಲ. ಅದು ನನಗೆ ನೋವಿನ ಸಂಗತಿಯೇ. 1874ರಿಂದ ಅವರಿಗೆ 'ಈಸ್ಟರ್ನ್ ಸ್ಟಾರ್' ಅಂತ ಜೊತೆ ಸಂಘ ಇತ್ತು, ಅಷ್ಟೆ. ಆದರೂ ಆಬರ್ನ್ ಬೀದಿಯ ಈ ಕಟ್ಟಡದ ನೆಲ ಅಂತಸ್ತಿನಲ್ಲಿ ಒಂದು ಕಾಲಕ್ಕೆ ಮೇಡಂ ಸಿ. ಜೆ. ವಾಕರ್ ಹೆಸರಿನ ಬ್ಯೂಟಿ ಪಾರ್ಲರ್ ಇತ್ತು. ಅಪ್ಪಅಮ್ಮ ಗುಲಾಮರಾಗಿದ್ದವರು, ತಾನು ಬಟ್ಟೆ ಒಗೆದು ಬದುಕಿದವಳು, ಕೂದಲಿನ ಎಣ್ಣೆ ಕ್ರೀಮು ಮಾರಿ ಶ್ರೀಮಂತಳಾದವಳು. ಅವಳ ಹೆಸರಿನ ಅಂಗಡಿ ಕೆಳಗೆ, ಗಂಡಸರ ಸಂಘ ಮೇಲೆ.

ಈಗ ಅಪ್ಪನ ಪ್ರಶ್ನೆಗೆ ಬರುತ್ತೇನೆ. ಕಟ್ಟಡ ಸಂಘದ್ದೇ. 1930ರ ದಶಕದ ಕೊನೆಗೆ ಅದನ್ನು ಎಬ್ಬಿಸಿದವರು ಜಾನ್ ವೆಸ್ಲಿ ಡಾಬ್ಸ್. ರೈಲಿನಲ್ಲಿ ಅಂಚೆ ವಿಂಗಡಿಸುವ ಗುಮಾಸ್ತರಾಗಿ ಮೂವತ್ತು ವರ್ಷಕ್ಕೂ ಜಾಸ್ತಿ ದುಡಿದವರು. 1932ರಲ್ಲಿ ಜಾರ್ಜಿಯಾದ ಪ್ರಿನ್ಸ್ ಹಾಲ್ ಮೇಸನರ ಮುಖ್ಯಸ್ಥರಾದರು. ಸಾಯುವವರೆಗೂ ಆ ಸ್ಥಾನದಲ್ಲಿದ್ದರು. 'ಸ್ವೀಟ್ ಆಬರ್ನ್' ಅಂತ ಬೀದಿಗೆ ಹೆಸರಿಟ್ಟವರೂ ಅವರೇ. ಕಪ್ಪು ಜನ ಮೇಲೆ ಬರಬೇಕಾದರೆ ದುಡ್ಡು, ಓಟು, ಪುಸ್ತಕ ಈ ಮೂರು ಬೇಕು ಅನ್ನುತ್ತಿದ್ದರು. ಅವರಿಗೆ ಆರು ಹೆಣ್ಣುಮಕ್ಕಳು. ಆರೂ ಜನ ಸ್ಪೆಲ್ಮನ್ ಕಾಲೇಜಿನಲ್ಲಿ ಪದವಿ ಪಡೆದರು.

ಓಟಿನ ಕೆಲಸವನ್ನು ಡಾಬ್ಸ್ ಹಟ ಹಿಡಿದು ಮಾಡಿದರು. 1936ರಲ್ಲಿ ಹತ್ತು ಸಾವಿರ ಕಪ್ಪು ಮತದಾರರ ಹೆಸರು ಪಟ್ಟಿಗೆ ಸೇರಿಸುವ ಗುರಿ ಇಟ್ಟುಕೊಂಡು ಒಂದು ಸಂಘಟನೆ ಕಟ್ಟಿದರು. ಲಾಡ್ಜಿನಲ್ಲಿ, ಚರ್ಚಿನಲ್ಲಿ, ಎಲ್ಲಿ ಹೋದರೂ ಅದೇ ಮಾತು. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಬಿಳಿಯರಷ್ಟೇ ಓಟು ಹಾಕುವ ಪದ್ಧತಿ 1946ರಲ್ಲಿ ಇಲ್ಲಿ ಬಿದ್ದುಹೋಯಿತು. ಆ ವರ್ಷ ಅಟ್ಲಾಂಟಾದ ಕಪ್ಪು ಮತದಾರರ ಸಂಖ್ಯೆ 20,000 ದಾಟಿತು. ಮೇಯರ್ ಹಾರ್ಟ್ಸ್‌ಫೀಲ್ಡ್ ಆಗ ಇವರ ಮಾತು ಕೇಳಲೇಬೇಕಾಯಿತು. 1948ರಲ್ಲಿ ಊರಿಗೆ ಮೊದಲ ಎಂಟು ಕಪ್ಪು ಪೊಲೀಸರು ಬಂದರು. ಆದರೆ ಅವರು ಬಿಳಿಯರನ್ನು ಬಂಧಿಸುವ ಹಾಗಿಲ್ಲ. ಪೊಲೀಸ್ ಠಾಣೆಯಲ್ಲಿ ಸಮವಸ್ತ್ರ ಹಾಕಿಕೊಳ್ಳುವ ಹಾಗೂ ಇಲ್ಲ! ಕಪ್ಪು ಜನರ ವೈಎಂಸಿಎ ಕಟ್ಟಡದಲ್ಲಿ ಬಟ್ಟೆ ಬದಲಿಸಿ ಡ್ಯೂಟಿಗೆ ಹೊರಡುತ್ತಿದ್ದರು. ಇಲ್ಲೂ ಸೂರಿನದೇ ಮಾತು ಬಂತು ನೋಡಿ.

1949ರಲ್ಲಿ ಜೆಸ್ಸಿ ಬ್ಲೇಟನ್ ಡಬ್ಲ್ಯೂಇಆರ್‌ಡಿ ಅನ್ನುವ ರೇಡಿಯೋ ಸ್ಟೇಷನ್ ಕೊಂಡುಕೊಂಡರು. ದೇಶದಲ್ಲಿ ಕಪ್ಪು ಮನುಷ್ಯನೊಬ್ಬ ಮಾಲೀಕನಾದ ಮೊದಲ ರೇಡಿಯೋ ಅದು. ಅದರ ಸ್ಟುಡಿಯೋ ಬಂದದ್ದು ಡಾಬ್ಸ್ ಕಟ್ಟಡಕ್ಕೆ. ಕಿಂಗ್ ಮತ್ತು ಜೊತೆಗಾರರು 1957ರಲ್ಲಿ ಕಟ್ಟಿದ ಸಂಘಟನೆಯ ಕಚೇರಿಯೂ ಅದೇ ಕಟ್ಟಡಕ್ಕೆ ಬಂತು. ಕಿಂಗ್ ಅವರಿಗೆ ಏನಾದರೂ ಪ್ರಸಾರ ಮಾಡಬೇಕಿದ್ದರೆ ಪೊರಕೆ ಕೋಲಿನಿಂದ ಸೂರಿಗೆ ಕುಟ್ಟುತ್ತಿದ್ದರಂತೆ. ಮೇಲಿನವರು ಕಿಟಕಿಯಿಂದ ಮೈಕು ಇಳಿಬಿಡುತ್ತಿದ್ದರಂತೆ. ಈ ಬೀದಿಯ ಜನ ಈಗಲೂ ಹೇಳುವ ಕಥೆ ಇದು. ನನಗೆ ಬಹಳ ಇಷ್ಟ.

ಮಿಸಿಸಿಪ್ಪಿಯ ಜಾಕ್ಸನ್ ಊರಿನಲ್ಲೂ ಹೀಗೆಯೇ. ಅಲ್ಲಿನ ಪ್ರಿನ್ಸ್ ಹಾಲ್ ಮೇಸನರ ಕಟ್ಟಡದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಅವರ ಕಚೇರಿ ಇತ್ತು. 1963ರ ಜೂನಿನಲ್ಲಿ ಅವರನ್ನು ಮನೆಯ ಅಂಗಳದಲ್ಲೇ ಗುಂಡಿಟ್ಟು ಕೊಂದಾಗ ಸಾವಿರಾರು ಜನ ಕೊನೆಯ ಸಲ ಮುಖ ನೋಡಿದ್ದು ಆ ಕಟ್ಟಡದಲ್ಲೇ. ಬೇರೆ ಯಾವ ಮಾಲೀಕ ಕೊಡುತ್ತಿದ್ದ ಅಂಥ ಕಚೇರಿಗೆ ಜಾಗ? ಕೊಟ್ಟರೂ ಒಂದು ಬೆದರಿಕೆಯ ಫೋನು ಬಂದರೆ ಮರುದಿನ ಬೀಗ ಬೀಳುತ್ತಿತ್ತು. ಮೇಸನರ ಕಟ್ಟಡಕ್ಕೆ ಬೀಗ ಹಾಕುವ ಮಾಲೀಕನೇ ಇರಲಿಲ್ಲ.

ನಮ್ಮಂಥವರಿಗೂ ಈ ಋಣ ಇದೆ. 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾನೂನು ಬಂತು. ಅಕ್ಟೋಬರಿನಲ್ಲಿ ವಲಸೆಯ ಹೊಸ ಕಾನೂನು ಬಂತು. ಯಾವ ದೇಶದಲ್ಲಿ ಹುಟ್ಟಿದವರು ಅಂತ ನೋಡಿ ನಮ್ಮನ್ನು ಹೊರಗಿಡುವ ಹಳೆಯ ಪದ್ಧತಿ ತೆಗೆದದ್ದು ಅದೇ. ಎರಡೂ ಒಂದೇ ಗಾಳಿಯಲ್ಲಿ ಬಂದವು. ನನ್ನ ವೀಸಾದ ಹಿಂದೆ ಈ ಬೀದಿಯ ಜನರ ಬೆವರಿದೆ. ಅದನ್ನು ತಿಳಿಯಲು ನನಗೆ ಇಲ್ಲಿ ಹತ್ತು ವರ್ಷ ಬೇಕಾಯಿತು ಅನ್ನುವುದು ಬೇಜಾರಿನ ಮಾತು.

ಡಾಬ್ಸ್ ತೀರಿಕೊಂಡದ್ದು 1961ರ ಆಗಸ್ಟ್ 30ರಂದು. ಅಟ್ಲಾಂಟಾದ ಬಿಳಿಯರ ಶಾಲೆಗಳಿಗೆ ಮೊದಲ ಕಪ್ಪು ಮಕ್ಕಳು ಕಾಲಿಟ್ಟದ್ದೂ ಅದೇ ದಿನ. ಅವರ ಮೊಮ್ಮಗ ಮೇನಾರ್ಡ್ ಜಾಕ್ಸನ್ 1973ರಲ್ಲಿ ಗೆದ್ದು ಈ ಊರಿನ ಮೊದಲ ಕಪ್ಪು ಮೇಯರ್ ಆದರು. ನೀವು ಇಲ್ಲಿಗೆ ಬಂದರೆ ಇಳಿಯುವ ವಿಮಾನ ನಿಲ್ದಾಣದ ಹೆಸರು ಹಾರ್ಟ್ಸ್‌ಫೀಲ್ಡ್-ಜಾಕ್ಸನ್. ಅಂದು ಡಾಬ್ಸ್ ಮಾತಿಗೆ ಕಿವಿಗೊಡಬೇಕಾದ ಮೇಯರ್, ಮತ್ತು ಡಾಬ್ಸ್ ಮೊಮ್ಮಗ.

ಆ ಶನಿವಾರ ನಾವು ಇನ್ನೂ ಮುಂದೆ ನಡೆದೆವು. ಹೈವೇ ಬೀದಿಯನ್ನು ಸೀಳಿಕೊಂಡು ಹೋಗುವ ಜಾಗದಲ್ಲಿ ಡಾಬ್ಸ್ ಅವರ ಮುಖದ ದೊಡ್ಡ ಶಿಲ್ಪವಿದೆ. ಬರೀ ಮುಖವಾಡ. ಹಿಂದಿನಿಂದ ಹೋಗಿ ಅದರ ಕಣ್ಣಿನ ತೂತಿನಿಂದ ಬೀದಿ ನೋಡಬಹುದು. ಅಪ್ಪ ಕನ್ನಡಕ ತೆಗೆದು ಹಣೆ ಒತ್ತಿ ನಿಂತರು. ತಲೆಯ ಮೇಲೆ ಟ್ರಕ್ಕುಗಳ ಗುಂಯ್ ಗುಂಯ್. ಬಹಳ ಹೊತ್ತು ಏನೂ ಮಾತಾಡಲಿಲ್ಲ.

ಮರುವಾರ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಪ್ರತಿ ವರ್ಷದಂತೆ ಒಂದು ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದಿದ್ದೆವು. ಒಂಬತ್ತಕ್ಕೆ ಖಾಲಿ ಮಾಡಬೇಕು ಅಂತ ಕರಾರು. ಕಾರ್ಯಕ್ರಮ ತಡವಾಯಿತು. ಮಕ್ಕಳ ಡೊಳ್ಳು ಕುಣಿತ ಅರ್ಧಕ್ಕೆ ಬಂದಿತ್ತು, ದೀಪ ಆರಿದವು. ಮಕ್ಕಳು ಕತ್ತಲಲ್ಲಿ ಡೊಳ್ಳು ಹೊತ್ತು ಪಾರ್ಕಿಂಗ್ ಲಾಟಿಗೆ ಬಂದರು. ಎಂಟು ವರ್ಷದ ನನ್ನ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಯಾರ ತಪ್ಪೂ ಅಲ್ಲ. ಜಾಗ ನಮ್ಮದಲ್ಲ.

ಅಪ್ಪ ಮೊಮ್ಮಗಳನ್ನು ಎತ್ತಿಕೊಂಡು ಕೂಟದ ಖಜಾಂಚಿ ಹತ್ತಿರ ಹೋದರು. ಅಂಗಿಯ ಒಳ ಕಿಸೆಯಿಂದ ದುಡ್ಡು ತೆಗೆದು ಎಣಿಸಿ ನೂರಾ ಒಂದು ಡಾಲರ್ ಕೊಟ್ಟರು. "ಕಟ್ಟಡ ನಿಧಿಗೆ" ಅಂದರು. ಅಂಥ ನಿಧಿ ನಮ್ಮಲ್ಲಿ ಇಲ್ಲ ಅಂತ ಖಜಾಂಚಿ ಮೆಲ್ಲಗೆ ಹೇಳಿದರು.

"ಈಗ ಐತಲ್ಲಪಾ. ರಸೀದಿ ಹರೀರಿ" ಅಂದರು ಅಪ್ಪ.

ರಸೀದಿ ಪುಸ್ತಕವೂ ಇರಲಿಲ್ಲ. ಊಟದ ಕೂಪನ್ನಿನ ಹಿಂದೆ ಖಜಾಂಚಿ ಕನ್ನಡದಲ್ಲೇ ಬರೆದು ಸಹಿ ಹಾಕಿದರು. ಅಪ್ಪ ಅದನ್ನು ಫೋನಿನ ಬೆಳಕಿನಲ್ಲಿ ಓದಿ ವಾಪಸ್ ಕೊಟ್ಟರು. ಮೇಲೆ ನಂಬರ್ ಹಾಕಿರಲಿಲ್ಲ. ಖಜಾಂಚಿ '1' ಅಂತ ಬರೆದ ಮೇಲೆಯೇ ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು.