ಅಚ್ಚಿನಲ್ಲಿ ತೆಗೆದದ್ದಲ್ಲ

"ಇದನ್ನು ಅಚ್ಚಿನಲ್ಲಿ ಹಾಕಿ ತೆಗೆದಿದ್ದು ತಾನೇ?"

ಅಲ್ಲ. ನಾನು ಮಾಡುವ ಗಾಜಿನ ಎಲೆ, ಬೀಜಕೋಶ, ಜರಿಗಿಡದ ಸುರುಳಿ, ಯಾವುದಕ್ಕೂ ಅಚ್ಚಿಲ್ಲ. ಗ್ಯಾಸ್ ಟಾರ್ಚಿನ ಉರಿ, ಗಾಜಿನ ಕಡ್ಡಿ, ಒಂದು ಚಿಮಟ, ಎರಡು ಕೈ. ಇಷ್ಟನ್ನೇ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ. ಪ್ರಶ್ನೆಗಿಂತ ಹೆಚ್ಚು ಚುಚ್ಚುವುದು ಕೊನೆಯ ಆ 'ತಾನೇ'. ಉತ್ತರವನ್ನು ಕೇಳುವವರೇ ತಂದಿರುತ್ತಾರೆ, ನಾನು ತಲೆಯಾಡಿಸಿದರೆ ಸಾಕು.

ಒಂದು ಪ್ರದರ್ಶನದಲ್ಲಿ ಒಬ್ಬರು ಜರಿಗಿಡದ ಸುರುಳಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡಕ ಹಣೆಗೇರಿಸಿದರು, ಬೆಳಕಿಗೆ ಹಿಡಿದರು, ಬುಡದ ಸುತ್ತ ಉಗುರು ಆಡಿಸಿದರು. ಇಷ್ಟು ಗಮನ ಕೊಡುವವರು ಸಿಕ್ಕರಲ್ಲ ಎಂದು ನನಗೆ ಹಿಗ್ಗು. ಕೊನೆಗೆ ಕೇಳಿದರು: "ಗೆರೆ ಎಲ್ಲಿ ಮೇಡಂ, ಸಿಗ್ತಾನೇ ಇಲ್ಲ?" ಅಚ್ಚಿನ ಎರಡು ಹೋಳು ಕೂಡುವ ಕಡೆ ಗಾಜಿನ ಮೇಲೆ ಸಣ್ಣ ಉಬ್ಬುಗೆರೆ ಉಳಿಯುತ್ತದೆ, ಅದನ್ನು ಹುಡುಕುತ್ತಿದ್ದರು. "ಇಲ್ಲ, ಸಿಗೋದಿಲ್ಲ" ಅಂದೆ. "ಹಾಗಾದ್ರೆ ಪಾಲಿಶ್ ಚೆನ್ನಾಗಿ ಮಾಡಿದ್ದೀರಿ" ಅಂದರು. ಆವತ್ತಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆ ಸುರುಳಿ ಆದದ್ದು ಹೀಗೆ. ಕಡ್ಡಿಯ ತುದಿ ಕಾದು ಜೇನುತುಪ್ಪದ ಹಾಗೆ ಜೋಲತೊಡಗಿದಾಗ ಎಳೆದು ಮೊನೆ ಮಾಡಬೇಕು, ಮೊನೆಯನ್ನು ಚಿಮಟದಲ್ಲಿ ಹಿಡಿದು ಸುತ್ತಬೇಕು. ಒಳಸುತ್ತು ಬಿಗಿ, ಹೊರಸುತ್ತು ಸಡಿಲ, ದಂಟು ಬುಡಕ್ಕೆ ಬಂದಂತೆ ದಪ್ಪ. ಹೊರಗಿನ ಸುತ್ತಿಗೆ ಉರಿ ಜಾಸ್ತಿಯಾದರೆ ಒಳಗಿನದೂ ಕರಗಿ ಎಲ್ಲ ಅಂಟಿಕೊಂಡು ಮುದ್ದೆ. ಒಳಗಿನದನ್ನು ಮರೆತರೆ ಅದು ತಣಿದು 'ಟಿಕ್' ಅನ್ನುತ್ತದೆ. ಅಷ್ಟೇ ಸದ್ದು, ಆ ಹೊತ್ತಿನ ಕೆಲಸ ಮುಗಿಯಿತು. ಸರಿಯಾಗಿ ಬಂದದ್ದನ್ನೂ ಹಾಗೇ ಆರಲು ಬಿಡುವಂತಿಲ್ಲ. ನಾನು ಬಳಸುವ ಸೋಡಾ-ಸುಣ್ಣದ ಗಾಜಾದರೆ ಕಿಲ್ನ್ ಎಂಬ ಬಿಸಿ ಗೂಡಿನಲ್ಲಿ ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಗಂಟೆಗಟ್ಟಲೆ ನಿಧಾನವಾಗಿ ಇಳಿಸಬೇಕು. ಇಲ್ಲದಿದ್ದರೆ ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗಲು ಹೋಗಿ, ಬಿಗಿತ ಒಳಗೇ ಉಳಿಯುತ್ತದೆ. ಯಾರೂ ಮುಟ್ಟದೆ ಕಪಾಟಿನಲ್ಲಿ ಕೂತದ್ದು ಒಂದು ದಿನ ತಾನಾಗಿ ಒಡೆಯುತ್ತದೆ.

ಅಚ್ಚಿನ ಕೆಲಸ ಕೀಳೆಂದಲ್ಲ, ಅದೂ ಕಷ್ಟದ ಕಸುಬು. ನನ್ನದು ಅದಲ್ಲ, ಅಷ್ಟೆ.

ಈ ಅನುಮಾನ ಹಳೆಯದು. ಡ್ರೆಸ್ಡೆನ್ ಬಳಿಯ ಲಿಯೋಪೋಲ್ಡ್ ಮತ್ತು ರುಡಾಲ್ಫ್ ಬ್ಲಾಶ್ಕಾ, ತಂದೆ ಮಗ, ಸಸ್ಯಶಾಸ್ತ್ರದ ಪಾಠಕ್ಕೆಂದು ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ 1887ರಿಂದ 1936ರವರೆಗೆ ಗಾಜಿನ ಗಿಡ, ಹೂಗಳನ್ನು ಮಾಡಿಕೊಟ್ಟವರು. ನಮ್ಮಲ್ಲಿ ಗುಟ್ಟಿನ ಯಂತ್ರವಿದೆ ಎಂದು ಜನ ತಿಳಿದಿದ್ದಾರೆ, ಅಂಥದ್ದೇನೂ ಇಲ್ಲ ಎಂದು 1889ರಲ್ಲಿ ಲಿಯೋಪೋಲ್ಡ್ ಪತ್ರ ಬರೆಯಬೇಕಾಯಿತು. ಅದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಭಾಗವನ್ನು ಟಾರ್ಚಿನ ಮೇಲಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಅವರದು ಪಾಠದ ಗಿಡ. ಕೇಸರ ಎಷ್ಟಿದೆಯೋ ಅಷ್ಟೂ ಇರಬೇಕಿತ್ತು. ನನ್ನದು ಮನೆಯ ಕಿಟಕಿಯಲ್ಲಿ ಇಡುವಂಥದ್ದು. ಹಾಗಾಗಿ ನನ್ನನ್ನು ಯಾರಾದರೂ "ಏನೇನು ಬಿಟ್ಟಿರಿ?" ಎಂದು ಕೇಳಬೇಕಿತ್ತು. ಎಳೆ ಜರಿಗಿಡದ ಸುರುಳಿಯ ಮೈತುಂಬ ಕಂದು ರೋಮ ಇರುತ್ತದೆ. ಒಮ್ಮೆ ಕೂದಲೆಳೆಯಂಥ ಗಾಜಿನ ದಾರ ಎಳೆದು ಒಂದೊಂದಾಗಿ ಅಂಟಿಸಿದೆ. ನಲವತ್ತನೆಯದು ಕೂತಾಗ ನನ್ನ ಕೈಯಲ್ಲಿದ್ದದ್ದು ಜರಿಗಿಡವಲ್ಲ, ಕಂಬಳಿಹುಳ. ಎಲ್ಲ ತೆಗೆದುಹಾಕಿ ಬುಡದಲ್ಲಿ ಕಂದು ಬಣ್ಣದ ಒಂದು ಎಳೆಯನ್ನು ಮಾತ್ರ ಓಡಿಸಿದೆ. ಸುರುಳಿ ಮತ್ತೆ ಬಿಚ್ಚಿಕೊಳ್ಳಲು ತಯಾರಾದಂತೆ ಕಂಡಿತು.

ಈಗ ಮೇಜಿನ ಮೇಲೆ ನಿಜದ ಎಲೆಯೊಂದಿದೆ. ನಡುನರದ ಪಕ್ಕದಲ್ಲಿ ಹುಳ ತಿಂದ ತೂತು, ಅದರ ಅಂಚು ಒಣಗಿ ಒಳಕ್ಕೆ ಮಡಚಿಕೊಂಡಿದೆ. ಆ ತೂತನ್ನು ಗಾಜಿನಲ್ಲಿ ಇಡಲೋ ಬಿಡಲೋ, ಮೂರು ದಿನದಿಂದ ತೀರ್ಮಾನವಾಗಿಲ್ಲ.