ಬಾಗಲಕೋಟೆಯಿಂದ ಪೆನಾಂಗ್‌ಗೆ: ಹಡಗು ಹತ್ತಿಸಿದ ಕಾಗದಪತ್ರ

ಬಾಗಲಕೋಟೆಯವರು ಕ್ರೂಸ್‌ಗೆ ಹೋಗಬೇಕು ಅಂದರೆ ಎರಡು ದಾರಿ ಇವೆ. ಒಂದು, ಮುಂಬೈಗೆ ಹೋಗಿ ಗೋವಾ ಅಥವಾ ಲಕ್ಷದ್ವೀಪದ ಕಡೆ ಹೊರಡುವ ಹಡಗು ಹತ್ತುವುದು. ಅದಕ್ಕೆ ಪಾಸ್‌ಪೋರ್ಟ್ ಬೇಡ. ಆಧಾರ್‌ನಂಥ ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ಸಾಕು. ಲಕ್ಷದ್ವೀಪದಲ್ಲಿ ಇಳಿಯುವವರಿಗೆ ಪ್ರವೇಶ ಪರವಾನಗಿಯೂ ಬೇಕು. ಇನ್ನೊಂದು, ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹಡಗು ಹಿಡಿಯುವುದು. ನಾವು ಆರಿಸಿಕೊಂಡಿದ್ದು ಇದನ್ನು. ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್, ಅಲ್ಲಿಂದ ತಿರುಗಿ ಸಿಂಗಪುರ. ಹೊರಟವರು ನಾನು, ಅವ್ವ, ಚಿಗವ್ವ.

ಅವ್ವ ಸಮುದ್ರ ನೋಡಿರಲಿಲ್ಲ. ಆಲಮಟ್ಟಿಯ ಹಿನ್ನೀರು ತುಂಬಿದಾಗಲೆಲ್ಲ ಒಂದೇ ಮಾತು: "ಹೊಳಿ ನೀರ ಇಷ್ಟ ಕಾಣಸ್ತೈತಿ, ಸಮುದ್ರ ಎಷ್ಟ ಇರಬೇಕ?" ದುಡ್ಡು ಕೂಡಿದ ವರ್ಷ ತಡ ಮಾಡಬಾರದು ಅನ್ನಿಸಿತು. ಟಿಕೆಟ್‌ನ ಮಾತು ಆಮೇಲೆ, ಮೊದಲು ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಚಾಪೆ ಮೇಲೆ ಹರಡಿಕೊಂಡು ಕೂತೆವು.

ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಕಾಗದ ನೋಡಿದವರಿಗೆ ಇದು ಗೊತ್ತಿರುತ್ತದೆ. ಆಧಾರ್‌ನಲ್ಲಿ ಹೆಸರಿನ ಕೊನೆಗೆ 'ಅವ್ವ' ಇತ್ತು. ಪ್ಯಾನ್ ಕಾರ್ಡ್‌ನಲ್ಲಿ 'ಬಾಯಿ' ಇತ್ತು. ಶಾಲೆಯ ದಾಖಲೆಯಲ್ಲಿ ಎರಡೂ ಇಲ್ಲ, ಅಲ್ಲಿರುವುದು ತವರಿನ ಅಡ್ಡಹೆಸರು. ಬ್ಯಾಂಕ್ ಪುಸ್ತಕದಲ್ಲಿ ಗಂಡನ ಹೆಸರು ಬರೀ ಒಂದು ಅಕ್ಷರವಾಗಿ ಕೂತಿದೆ. ಹುಟ್ಟಿದ ದಿನ ಅವ್ವನದೂ ಜೂನ್ 1, ಚಿಗವ್ವನದೂ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡಿದ್ದೇ ಹುಟ್ಟುಹಬ್ಬ. ಇದರಲ್ಲಿ ಯಾರದೂ ತಪ್ಪಿಲ್ಲ. ಆ ಕಾಲದಲ್ಲಿ ಹೆಣ್ಣುಮಕ್ಕಳ ಹೆಸರು ಹೀಗೇ ಇರಬೇಕು ಅಂತ ಯಾರೂ ಕೇಳಿರಲಿಲ್ಲ. ಆದರೆ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರೇ ವೀಸಾದಲ್ಲಿ, ವಿಮಾನದ ಟಿಕೆಟ್‌ನಲ್ಲಿ, ಹಡಗಿನ ಬುಕಿಂಗ್‌ನಲ್ಲಿ ಬರಬೇಕು. ಒಂದಕ್ಕೊಂದು ಹೊಂದದಿದ್ದರೆ ಯಾವ ಕೌಂಟರ್‌ನಲ್ಲಾದರೂ ನಿಲ್ಲಿಸಬಹುದು.

ಅದಕ್ಕೇ ಪಾಸ್‌ಪೋರ್ಟ್‌ಗಿಂತ ಮೊದಲು ಆಧಾರ್ ಸರಿ ಮಾಡಿಸಿದೆವು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ 2 ಸಲ ಮಾತ್ರ ಬದಲಿಸಬಹುದು, ಹುಟ್ಟಿದ ದಿನಾಂಕವನ್ನು 1 ಸಲ. ಹಾಗಾಗಿ ಯಾವ ಹೆಸರು ಕೊನೆಯವರೆಗೆ ಉಳಿಯಬೇಕು ಅನ್ನುವುದನ್ನು ಮನೆಯಲ್ಲೇ ಕೂತು ತೀರ್ಮಾನ ಮಾಡಿ ಹೋಗಬೇಕು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅವ್ವನ ಹೆಸರು ಮತ್ತು ಅಪ್ಪನ ಹೆಸರು ಒಂದು ಕಡೆ, ಅಡ್ಡಹೆಸರು ಸರ್‌ನೇಮ್ ಜಾಗದಲ್ಲಿ, ಹೀಗೆ ತುಂಬಿದೆವು. ಸರ್‌ನೇಮ್ ಜಾಗ ಖಾಲಿ ಬಿಡಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ದುಬೈನಿಂದಲೂ ಕ್ರೂಸ್ ಹೊರಡುತ್ತವೆ ಅಲ್ವಾ, ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರು ಇದ್ದವರಿಗೆ ಅಲ್ಲಿಯ ಪ್ರವಾಸಿ ವೀಸಾಕ್ಕೆ 2022ರ ನವೆಂಬರ್‌ನಿಂದ ತೊಡಕು ಶುರುವಾಗಿದೆ.

ವಿಳಾಸದ್ದು ಬೇರೆ ಕಥೆ. ಇದು ನಮ್ಮ ಊರಿನವರಿಗೆ ಮಾತ್ರ ಅರ್ಥವಾಗುವಂಥದ್ದು. ನಮ್ಮ ಹಳೇ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಯಲ್ಲಿ ಹೋಯಿತು. ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದ ಸೆಕ್ಟರ್‌ಗೆ ಬಂದೆವು. ಚಿಗವ್ವನ ಒಂದೆರಡು ಕಾಗದದಲ್ಲಿ ಇನ್ನೂ ಹಳೇ ಓಣಿಯ ವಿಳಾಸವೇ ಇತ್ತು. ಆ ಓಣಿಯೇ ಈಗಿಲ್ಲ. ಪೊಲೀಸ್ ಪರಿಶೀಲನೆ ಈಗ ಇರುವ ವಿಳಾಸಕ್ಕೇ ಬರುವುದರಿಂದ ಎಲ್ಲ ಕಡೆ ಸೆಕ್ಟರ್ ನಂಬರ್, ಮನೆ ನಂಬರ್ ಒಂದೇ ಥರ ಬರುವ ಹಾಗೆ ಮಾಡಿಸಿದೆವು. ಹಳೇ ವಿಳಾಸ ತೆಗೆಸುವಾಗ ಚಿಗವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಸ್ಲಾಟ್ ಸಿಕ್ಕಿತು. ಸಾಮಾನ್ಯ ಪಾಸ್‌ಪೋರ್ಟ್‌ಗೆ, ಅಂದರೆ 36 ಪುಟದ್ದಕ್ಕೆ, 1500 ರೂಪಾಯಿ. ತತ್ಕಾಲ್ ಆದರೆ ಮೇಲೆ 2000. ಅರವತ್ತು ದಾಟಿದವರಿಗೆ ಹೊಸ ಅರ್ಜಿಯಲ್ಲಿ ಶೇ 10 ರಿಯಾಯಿತಿ ಇದೆ. ಅವ್ವನಿಗೆ ಇನ್ನೊಂದು ಚಿಂತೆ ಇತ್ತು. "ನಾ ಹತ್ತನೇತ್ತ ಪಾಸಾಗಿಲ್ಲ, ನನಗ ಹೊರದೇಶಕ್ಕ ಬಿಡ್ತಾರೇನು?" ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟ್‌ಗೆ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಅನ್ನುವ ಗುರುತು ಬೀಳುವುದು ಹೌದು. ಆದರೆ 50 ವರ್ಷ ಮೀರಿದವರಿಗೆ ಅದು ಅನ್ವಯಿಸುವುದಿಲ್ಲ. ಆ ಗುರುತು ಇದ್ದರೂ ಅದು ಮಲೇಷ್ಯಾದಂಥ ಕೆಲವು ದೇಶಗಳಿಗೆ ದುಡಿಯಲು ಹೋಗುವವರ ರಕ್ಷಣೆಗೆ ಇರುವ ನಿಯಮ, ತಿರುಗಾಟಕ್ಕೆ ಹೋಗುವವರನ್ನು ತಡೆಯಲು ಅಲ್ಲ. ಇದನ್ನು ಕೇಳಿ ಅವ್ವ ಹಗುರಾದಳು. ಓದಿಲ್ಲ ಅನ್ನುವ ಸಂಕೋಚಕ್ಕೆ ಎಷ್ಟೋ ತಾಯಂದಿರು ಪಾಸ್‌ಪೋರ್ಟ್ ಮಾತೇ ಎತ್ತುವುದಿಲ್ಲ. ಅದು ನನಗೆ ಬಹಳ ಬೇಜಾರಿನ ವಿಷಯ.

ಬೆರಳಚ್ಚು ಕೊಡುವಾಗ ಚಿಗವ್ವನದು ಬೇಗ ಬರಲಿಲ್ಲ. ವರ್ಷಗಟ್ಟಲೆ ಇಳಕಲ್ ಸೀರೆ ನೇಯ್ದ ಬೆರಳುಗಳು ಅವು. ಅಲ್ಲಿದ್ದ ಹುಡುಗಿ ಕೈ ಒರೆಸಿ, ನಿಧಾನವಾಗಿ ಒತ್ತಿಸಿ, ಕೊನೆಗೂ ತೆಗೆದುಕೊಂಡಳು. ಮುಂದೆ ಪಾಸ್‌ಪೋರ್ಟ್‌ಗಳು ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೇ ಬಂದವು. ಹತ್ತು ವರ್ಷ ಚಾಲ್ತಿ. ಮೊದಲೇ ಪಾಸ್‌ಪೋರ್ಟ್ ಇರುವವರು ಅವಧಿ ನೋಡಿಕೊಳ್ಳಬೇಕು. ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳು ಬಾಕಿ ಇರಬೇಕು.

ಇನ್ನು ವೀಸಾ. ಕ್ರೂಸ್‌ನ ಲೆಕ್ಕ ವಿಮಾನದ ಪ್ರವಾಸಕ್ಕಿಂತ ಬೇರೆ ಆಗುವುದು ಇಲ್ಲೇ. ಸಿಂಗಪುರಕ್ಕೆ ವಿಮಾನದಲ್ಲಿ ಇಳಿದಾಗ ಒಂದು ಪ್ರವೇಶ. ಹಡಗು ಹತ್ತಿದಾಗ ಆ ದೇಶದಿಂದ ಹೊರಗೆ ಹೋದ ಹಾಗೆ. ಪೆನಾಂಗ್ ನೋಡಿ ತಿರುಗಿ ಬಂದಾಗ ಮತ್ತೊಂದು ಪ್ರವೇಶ. ಆದ್ದರಿಂದ ಒಂದೇ ಸಲ ಒಳಗೆ ಬಿಡುವ ವೀಸಾ ಉಪಯೋಗಕ್ಕೆ ಬರುವುದಿಲ್ಲ, ಮಲ್ಟಿಪಲ್ ಎಂಟ್ರಿಯೇ ಬೇಕು. ಅರ್ಜಿಯನ್ನು ಮಾನ್ಯತೆ ಇರುವ ಏಜೆಂಟರ ಮೂಲಕ ಹಾಕಬೇಕು. ಫಾರ್ಮ್ 14ಎ, ಬಿಳಿ ಹಿನ್ನೆಲೆಯ 35×45 ಮಿಲಿಮೀಟರ್ ಫೋಟೊ, ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರದು ಬೇರೆ. ಅರ್ಜಿಯ ಜೊತೆ ಹಡಗಿನ ಬುಕಿಂಗ್ ಕೂಡ ಕೊಟ್ಟು, ಎರಡು ಸಲ ಒಳಗೆ ಬರುವುದಿದೆ ಅಂತ ಬರೆದೇ ಹೇಳಿದೆವು. ವೀಸಾ ಇಮೇಲ್‌ನಲ್ಲಿ ಬಂದ ಕೂಡಲೇ ನಾನು ಮೊದಲು ಹುಡುಕಿದ್ದು ಆ ಸಾಲನ್ನೇ.

ಮಲೇಷ್ಯಾ ಸುಲಭ. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನದವರೆಗೆ ವೀಸಾ ಬೇಡ. ಈ ಸಡಿಲಿಕೆಗೆ ಕಾಲಮಿತಿ ಇದೆ, ಟಿಕೆಟ್ ತೆಗೆಯುವ ಮುಂಚೆ ಒಮ್ಮೆ ನೋಡಿಕೊಳ್ಳಬೇಕು. ಹಡಗಿನಿಂದ ಇಳಿಯದೆ ಒಳಗೇ ಕೂತಿರುತ್ತೇವೆ ಅಂದರೂ, ದಾರಿಯಲ್ಲಿ ಬರುವ ದೇಶಗಳ ವೀಸಾ ಇಲ್ಲದೆ ಹಡಗಿನವರು ಹತ್ತಿಸಿಕೊಳ್ಳದಿರಬಹುದು. ಇದನ್ನು ಮಾತ್ರ ಮರೆಯಬೇಡಿ.

ಸಿಂಗಪುರದ ಅರೈವಲ್ ಕಾರ್ಡ್, ಅಂದರೆ ಒಳಗೆ ಬರುವವರು ತಮ್ಮ ವಿವರ ಕೊಡುವ ಫಾರ್ಮ್ ಅನ್ನು ಆನ್‌ಲೈನ್‌ನಲ್ಲಿ, ತಲುಪುವ ದಿನವೂ ಸೇರಿ 3 ದಿನದ ಒಳಗೆ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ. ಹೋಗುವಾಗ ಒಂದು ತುಂಬಿದೆವು, ಹಡಗಿನಿಂದ ವಾಪಸ್ ಇಳಿಯುವುದಕ್ಕೆ ಇನ್ನೊಂದು. ಮಲೇಷ್ಯಾದ್ದೂ ಅಂಥದೇ ಡಿಜಿಟಲ್ ಕಾರ್ಡ್ ಇದೆ, ಅದನ್ನೂ ತುಂಬಿದೆವು.

ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು, ಅಲ್ಲಿಂದ ನಾಲ್ಕೂವರೆ ಗಂಟೆಯ ವಿಮಾನ. ಸಿಂಗಪುರದಲ್ಲಿ ಪಾಸ್‌ಪೋರ್ಟ್‌ಗೆ ಠಸ್ಸೆ ಹೊಡೆಯಲಿಲ್ಲ. ಅಲ್ಲಿ ಈಗ ಎಷ್ಟು ದಿನ ಇರಬಹುದು ಅನ್ನುವುದು ಇಮೇಲ್‌ಗೆ ಬರುತ್ತದೆ. ಅವ್ವನ ಇಮೇಲ್ ಬದಲು ನನ್ನದೇ ಕೊಟ್ಟಿದ್ದರಿಂದ ತೊಂದರೆ ಆಗಲಿಲ್ಲ.

ಮರೀನಾ ಬೇ ಕ್ರೂಸ್ ಸೆಂಟರ್ ದೊಡ್ಡ ವಿಮಾನ ನಿಲ್ದಾಣದಷ್ಟೇ ಇದೆ. ದೊಡ್ಡ ಬ್ಯಾಗುಗಳನ್ನು ಮೊದಲೇ ಕೊಟ್ಟುಬಿಡಬೇಕು. ಅವು ಕೋಣೆಗೆ ಬರುವುದು ಎಷ್ಟೋ ಹೊತ್ತಿನ ಮೇಲೆ. ಹಾಗಾಗಿ ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಬೋರ್ಡಿಂಗ್ ಪಾಸ್, ವಿಮೆಯ ಕಾಗದ ಕೈಚೀಲದಲ್ಲೇ ಇರಬೇಕು. ಅವ್ವನ ಬಿಪಿ, ಶುಗರ್ ಗುಳಿಗೆ ಮತ್ತು ಡಾಕ್ಟರ್ ಚೀಟಿಯನ್ನೂ ಅಲ್ಲೇ ಇಟ್ಟಿದ್ದೆವು. ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರೂ ಬರೆಸಿಕೊಂಡಿದ್ದೆ. ಹೊರದೇಶದಲ್ಲಿ ನಮ್ಮ ಕಂಪನಿ ಹೆಸರು ಹೇಳಿದರೆ ಯಾರಿಗೆ ತಿಳಿಯಬೇಕು?

ನಮ್ಮ ಮುಂದಿನ ಸಾಲಿನಲ್ಲಿ ಭಾರತದ್ದೇ ಒಂದು ಕುಟುಂಬ ಇತ್ತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಕೌಂಟರ್‌ನಲ್ಲಿದ್ದಾಕೆ ಅವರ ವೀಸಾ ಕಾಗದವನ್ನು ಎರಡು ಸಲ ನೋಡಿ ಪಕ್ಕಕ್ಕೆ ಕರೆದಳು. ಒಂದೇ ಪ್ರವೇಶದ ವೀಸಾ. ಆ ಪ್ರವೇಶ ವಿಮಾನ ಇಳಿದಾಗಲೇ ಮುಗಿದಿತ್ತು. ಅವರು ಬಹಳ ಬೇಡಿಕೊಂಡರು. ಅವಳೂ ಮೆತ್ತಗೇ ಮಾತಾಡಿದಳು, ಆದರೆ ಹತ್ತಿಸಲಿಲ್ಲ. ಮಕ್ಕಳು ಬ್ಯಾಗಿನ ಮೇಲೆ ಕೂತುಬಿಟ್ಟರು. ಅವರಿಗೆ ವೀಸಾ ಮಾಡಿಸಿಕೊಟ್ಟವರು ಒಂದು ಮಾತು ಕೇಳಿದ್ದರೆ ಸಾಕಿತ್ತು. ನನಗೆ ಈಗಲೂ ಸಿಟ್ಟು ಬರುತ್ತದೆ. ದುಡ್ಡು ತೆಗೆದುಕೊಳ್ಳುವವರು ಎಲ್ಲಿಗೆ, ಹೇಗೆ ಹೋಗುತ್ತೀರಿ ಅಂತ ಕೇಳಲೇಬೇಕು.

ನಮ್ಮ ಸರದಿ ಬೇಗ ಮುಗಿಯಿತು. ಹೆಸರು, ಫೋಟೊ, ವೀಸಾ ಎಲ್ಲ ಒಂದೇ ಆಗಿ ಹೊಂದಿತು. ಕೈಗೆ ಒಂದೊಂದು ಕಾರ್ಡ್ ಬಂತು. ಕೋಣೆಯ ಬೀಗಕ್ಕೂ ಅದೇ, ಹಡಗಿನಲ್ಲಿ ಖರ್ಚಿಗೂ ಅದೇ, ಬಂದರಿನಲ್ಲಿ ಇಳಿದು ಹತ್ತುವಾಗ ಗುರುತಿಗೂ ಅದೇ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟ್ ಅನ್ನು ಹಡಗಿನವರೇ ಇಟ್ಟುಕೊಂಡು ಕೊನೆಗೆ ಕೊಡುತ್ತಾರೆ, ಅದಕ್ಕೆ ಗಾಬರಿ ಬೇಡ. ಅದರ ಜೆರಾಕ್ಸ್ ಮಾತ್ರ ನಿಮ್ಮ ಹತ್ತಿರ ಇರಲಿ. ಹಡಗು ಬಿಡುವ ಮುಂಚೆ ಎಲ್ಲರಿಗೂ ಸುರಕ್ಷತೆಯ ತಾಲೀಮು ಇತ್ತು. ಅವ್ವ ಅದನ್ನು ಬಹಳ ಶ್ರದ್ಧೆಯಿಂದ ಕೇಳಿದಳು.

ಆಮೇಲೆ ಸಮುದ್ರ. ಅವ್ವ ಡೆಕ್‌ನ ಕಂಬಿ ಹಿಡಿದು ನಿಂತವಳು ಊಟಕ್ಕೂ ಒಳಗೆ ಬರಲೊಲ್ಲೆ ಅಂದಳು. "ದಂಡಿನ ಇಲ್ಲಲ್ಲಬೇ ಇದಕ್ಕ" ಅಂತ ಚಿಗವ್ವನಿಗೆ ಹೇಳಿದಳು. ಚಿಗವ್ವ ಇಳಕಲ್ ಸೀರೆ ಉಟ್ಟಿದ್ದಳು. ಯಾವುದೋ ದೇಶದ ಅಜ್ಜಿ ಬಂದು ಸೆರಗು ಮುಟ್ಟಿ ನೋಡಿದಾಗ, ನೇಯುವ ಬಗೆಯನ್ನು ಕೈಸನ್ನೆಯಲ್ಲೇ ತೋರಿಸಿದಳು. ಊಟಕ್ಕೆ ಅನ್ನ, ಬೇಳೆ, ಪಲ್ಯ ಸಿಗುತ್ತಿತ್ತು. ರೊಟ್ಟಿ ಇರಲಿಲ್ಲ.

ಪೆನಾಂಗ್‌ನಲ್ಲಿ ಹಡಗು ನಿಲ್ಲುವುದು ಜಾರ್ಜ್ ಟೌನ್‌ನ ಸ್ವೆಟೆನ್‌ಹ್ಯಾಮ್ ಪಿಯರ್‌ನಲ್ಲಿ. ಬಂದರಿನಿಂದ ಹೊರಗೆ ಬಂದರೆ ಊರೇ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೇ ಊರು ಅದು. ನಡೆಯುತ್ತಲೇ ಕ್ವೀನ್ ಸ್ಟ್ರೀಟ್‌ನ ಮಹಾಮಾರಿಯಮ್ಮನ ಗುಡಿ ತಲುಪಿದೆವು. 1833ರ ಗುಡಿ. ಅಷ್ಟು ದೂರದ ಊರಲ್ಲಿ ಕುಂಕುಮ, ಮಲ್ಲಿಗೆ, ಗಂಟೆ ಕಂಡು ಅವ್ವನ ಕಣ್ಣು ತುಂಬಿತು. ಅಕ್ಕಪಕ್ಕದ ಅಂಗಡಿಗಳಲ್ಲಿ ತಮಿಳು ಮಾತು. ಚಿಗವ್ವ ಬಾಳೆಹಣ್ಣು ಕೊಂಡಳು. ಹಡಗು ಕಾಯುವುದಿಲ್ಲ, ಹಾಗಾಗಿ ಹೇಳಿದ ಹೊತ್ತಿಗಿಂತ ಎಷ್ಟೋ ಮೊದಲೇ ತಿರುಗಿದೆವು.

ವಾಪಸ್ ಸಿಂಗಪುರದಲ್ಲಿ ಇಳಿದಾಗ ಎರಡನೇ ಪ್ರವೇಶದ ಸಾಲು. ಅಧಿಕಾರಿ ಅವ್ವನ ಪಾಸ್‌ಪೋರ್ಟ್ ನೋಡಿ, ಮುಖ ನೋಡಿ, ಏನೂ ಕೇಳದೆ ಬಿಟ್ಟರು.

ಊರಿಗೆ ಬಂದ ಮೇಲೆ ಸೆಕ್ಟರ್‌ನ ಹೆಣ್ಣುಮಕ್ಕಳು ಸಂಜೆ ಬಂದು ಕೂರುತ್ತಾರೆ. ಎಷ್ಟು ಖರ್ಚಾಯಿತು ಅನ್ನುವುದಕ್ಕಿಂತ ಹೆಸರು ಹೇಗೆ ಸರಿ ಮಾಡಿಸಿದಿರಿ ಅಂತಲೇ ಜಾಸ್ತಿ ಕೇಳುತ್ತಾರೆ. ಅವ್ವನೇ ಉತ್ತರ ಕೊಡುತ್ತಾಳೆ: "ಮೊದಲ ಆಧಾರ್ ತರ್ರಿ, ನೋಡೂಣು." ಪಕ್ಕದ ಮನೆಯ ಕಾಕೂ ಅವರ ಆಧಾರ್‌ನಲ್ಲಿ ಒಂದು ಹುಟ್ಟಿದ ವರ್ಷ ಇದೆ, ಶಾಲೆ ದಾಖಲೆಯಲ್ಲಿ ಇನ್ನೊಂದು. ಸೋಮವಾರ ಅವರನ್ನು ಕರೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗುವುದಿದೆ.